‘ಇತರ’ ಎಂಬ ಕಪಾಟಿನಲ್ಲಿ ಕಲ್ಯಾಣಕಾರಕ

ಆಯುರ್ವೇದದ ಚರಿತ್ರೆಯನ್ನು ಕುರಿತು ಸಂಶೋಧನೆ ನಡೆಸುತ್ತಿದ್ದ ತರುಣನೊಬ್ಬ ಕೆಲವು ತಿಂಗಳ ಹಿಂದೆ ತನ್ನ ಪ್ರಬಂಧದ ಒಂದು ಅಧ್ಯಾಯದ ಕರಡನ್ನು ನನ್ನ ಕೈಗಿತ್ತ. ಓದುತ್ತ ಹೋದಂತೆ ಅವನ ಶ್ರಮದ ಬಗ್ಗೆ ಗೌರವ ಬೆಳೆಯಿತು. ಮೂಲಗಳನ್ನು ನೋಡಿದ್ದ, ಅಡಿಟಿಪ್ಪಣಿಗಳು ಅಚ್ಚುಕಟ್ಟಾಗಿದ್ದವು. ಆದರೆ ಮಧ್ಯದಲ್ಲೊಂದು ವಾಕ್ಯ ನನ್ನನ್ನು ತಡೆದು ನಿಲ್ಲಿಸಿತು. ರಾಷ್ಟ್ರಕೂಟರ ಕಾಲದ ವೈದ್ಯಗ್ರಂಥ ಯಾವುದೂ ಉಳಿದುಬಂದಿಲ್ಲವೆಂದು ಅವನು ಬರೆದಿದ್ದ. ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ವನ್ನು ನೋಡಲಿಲ್ಲವೇ ಎಂದು ಕೇಳಿದೆ. ಆ ಹೆಸರನ್ನೇ ಕೇಳಿರಲಿಲ್ಲವೆಂದ. ತಾನು ಓದುತ್ತಿದ್ದ ಗ್ರಂಥಾಲಯದಲ್ಲಿ ವೈದ್ಯಶಾಸ್ತ್ರದ ಸಾಲುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ್ದೇನೆ, ಸೂಚಿಯಲ್ಲಿ ‘ವೈದ್ಯ’, ‘ಆಯುರ್ವೇದ’ ಎಂಬ ವಿಷಯಶೀರ್ಷಿಕೆಗಳಡಿ ಇರುವುದನ್ನೆಲ್ಲ ತೆಗೆಸಿದ್ದೇನೆ ಎಂದ. ಅವನ ಮಾತನ್ನು ನಂಬದಿರಲು ಕಾರಣವಿರಲಿಲ್ಲ.

ಮರುದಿನ ಇಬ್ಬರೂ ಜೊತೆಯಾಗಿ ಹೋದೆವು. ಚರಕ, ಸುಶ್ರುತ, ವಾಗ್ಭಟರೆಲ್ಲ ತಮ್ಮ ತಮ್ಮ ಟೀಕಾಕಾರರೊಡನೆ ವೈದ್ಯದ ಸಾಲಿನಲ್ಲಿ ವಿರಾಜಮಾನರಾಗಿದ್ದರು. ಉಗ್ರಾದಿತ್ಯರು ಸಿಕ್ಕಿದ್ದು ಎರಡು ಕೊಠಡಿಗಳಾಚೆ, ‘ಇತರ ಧರ್ಮಗಳು’ ಎಂಬ ಫಲಕದ ಕೆಳಗೆ, ಒಂದು ಸ್ತೋತ್ರಸಂಗ್ರಹಕ್ಕೂ ಒಂದು ಪಂಚಕಲ್ಯಾಣ ಪೂಜಾವಿಧಾನಕ್ಕೂ ನಡುವೆ. 1940ರಲ್ಲಿ ಸೊಲ್ಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸಂಪಾದಿಸಿ ಹೊರತಂದ ಮುದ್ರಣ. ‘ಕಲ್ಯಾಣ’ವೆಂಬ ಪದವನ್ನು ಕಂಡು ವರ್ಗೀಕರಿಸಿದವರು ತೀರ್ಥಂಕರರ ಕಲ್ಯಾಣಗಳನ್ನು ನೆನೆದರೋ, ಸಂಪಾದಕರ ಹೆಸರನ್ನು ಕಂಡೇ ನಿರ್ಧರಿಸಿದರೋ ತಿಳಿಯದು. ಪುಸ್ತಕವನ್ನು ಬಿಡಿಸಿ ಒಂದು ಪುಟವನ್ನಾದರೂ ಓದಿದ್ದರೆ ಜ್ವರ, ವ್ರಣ, ನೇತ್ರರೋಗ, ರಸಾಯನಗಳ ಮಾತು ಕಣ್ಣಿಗೆ ಬೀಳುತ್ತಿತ್ತು.

ಇದನ್ನು ಒಬ್ಬ ಗುಮಾಸ್ತರ ಅಜಾಗರೂಕತೆಯೆಂದು ಬಿಟ್ಟುಬಿಡಬಹುದಿತ್ತು. ನಾನು ಬಿಡಲಾರೆ. ಆ ಪ್ರಬಂಧದಲ್ಲಿದ್ದ ತಪ್ಪು ವಾಕ್ಯವನ್ನು ಬರೆಸಿದ್ದು ಆ ಕಪಾಟು. ನಾವು ಹಾಗೆಯೇ ನೋಡುತ್ತ ಕುಳಿತಿದ್ದರೆ ಅದು ಅಚ್ಚಾಗುತ್ತಿತ್ತು, ಅಚ್ಚಾದುದನ್ನು ಇನ್ನೊಬ್ಬರು ಉದ್ಧರಿಸುತ್ತಿದ್ದರು, ಹತ್ತು ವರ್ಷಗಳಲ್ಲಿ ಅದೊಂದು ಸಿದ್ಧ ಸತ್ಯವಾಗುತ್ತಿತ್ತು. ಗ್ರಂಥ ನಾಶವಾಗಲು ಗೆದ್ದಲೇ ಬೇಕಾಗಿಲ್ಲ.

ಆ ಕಪಾಟಿನ ಮೂಲವೆಲ್ಲಿದೆ? 1876ರಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿ ಪ್ರಕಟಿಸಿದ ದಶಮಾಂಶ ವರ್ಗೀಕರಣ ಪದ್ಧತಿಯಲ್ಲಿದೆ. ಸಮಸ್ತ ಜ್ಞಾನವನ್ನು ಹತ್ತು ಭಾಗ ಮಾಡಿ, ಪ್ರತಿಯೊಂದನ್ನು ಮತ್ತೆ ಹತ್ತು, ಮತ್ತೆ ಹತ್ತು ಎಂದು ಒಡೆಯುತ್ತ ಹೋಗುವ ಕ್ರಮವದು. ಧರ್ಮಕ್ಕೆ 200. ಅದರೊಳಗೆ 220ರಿಂದ 289ರವರೆಗಿನ ಎಪ್ಪತ್ತು ಸ್ಥಾನಗಳು ಬೈಬಲ್ಲಿಗೂ ಕ್ರೈಸ್ತಮತಕ್ಕೂ ಮೀಸಲು. ಜಗತ್ತಿನ ಉಳಿದ ಧರ್ಮಗಳೆಲ್ಲ 290ರಲ್ಲಿ ಒತ್ತೊತ್ತಾಗಿ ಕೂರಬೇಕು. ಅದರಲ್ಲಿ ಭಾರತದಲ್ಲಿ ಹುಟ್ಟಿದವಕ್ಕೆ 294. ಬೌದ್ಧಕ್ಕೆ 294.3, ಜೈನಕ್ಕೆ 294.4, ಹಿಂದೂವಿಗೆ 294.5, ಸಿಖ್ಖರಿಗೆ 294.6. ದಶಮಾಂಶ ಬಿಂದುವಿನಾಚೆಯ ಒಂದಂಕಿ ನಮಗೆ ದೊರೆತ ನೆಲ. ಸಾಹಿತ್ಯದ ಕಡೆ ತಿರುಗಿದರೂ ಕಥೆ ಅದೇ. ಅಮೆರಿಕದ ಸಾಹಿತ್ಯಕ್ಕೆ 810, ಇಂಗ್ಲಿಷಿಗೆ 820. 890 ಎಂಬುದು ‘ಇತರ’ ಭಾಷೆಗಳ ಸಾಹಿತ್ಯ, ಅದರ ಒಂದು ಮೂಲೆಯಲ್ಲಿ, 894.814ರಲ್ಲಿ, ಕನ್ನಡ. ಕನ್ನಡದ ಜೈನಗ್ರಂಥವೊಂದು ಧರ್ಮದ ಕಡೆ ಮುಖ ಮಾಡಿದರೂ ‘ಇತರ’, ಸಾಹಿತ್ಯದ ಕಡೆ ಮುಖ ಮಾಡಿದರೂ ‘ಇತರ’. ಕನ್ನಡ ನಾಡಿನ ಗ್ರಂಥಾಲಯಗಳಲ್ಲಿಯೇ ಪಂಪ ಇತರನಾಗಿದ್ದಾನೆ.

ನ್ಯಾಯಕ್ಕಾಗಿ ಇಷ್ಟು ಹೇಳಬೇಕು. ಈ ಪಕ್ಷಪಾತವನ್ನು ಪಾಶ್ಚಾತ್ಯ ಗ್ರಂಥಾಲಯಶಾಸ್ತ್ರಜ್ಞರೇ ಬಹುಕಾಲದಿಂದ ಒಪ್ಪಿಕೊಂಡಿದ್ದಾರೆ. ಡ್ಯೂಯಿ ಪದ್ಧತಿಯ 21ನೆಯ ಆವೃತ್ತಿಯಲ್ಲಿ 200ರ ಆರಂಭದ ಅಂಕಿಗಳನ್ನು ಎಲ್ಲ ಧರ್ಮಗಳ ಸಾಮಾನ್ಯ ವಿಚಾರಕ್ಕೆ ಬಿಟ್ಟುಕೊಡಲಾಯಿತು. ಡ್ಯೂಯಿಯಿಂದಲೇ ಕವಲೊಡೆದ ಸಾರ್ವತ್ರಿಕ ದಶಮಾಂಶ ವರ್ಗೀಕರಣವು 2000ದಲ್ಲಿ ತನ್ನ ಧರ್ಮವಿಭಾಗವನ್ನು ಪೂರ್ತಿಯಾಗಿ ಒಡೆದು ಕಟ್ಟಿತು. ಆದ್ದರಿಂದ ಬರಿಯ ಡ್ಯೂಯಿನಿಂದೆಯಲ್ಲಿ ನನಗೆ ಆಸಕ್ತಿಯಿಲ್ಲ. ನಮಗೆ ಎಪ್ಪತ್ತು ಸ್ಥಾನಗಳನ್ನು ಕೊಟ್ಟಿದ್ದರೂ ಕಲ್ಯಾಣಕಾರಕ ಸ್ತೋತ್ರದ ಪಕ್ಕದಲ್ಲಿಯೇ ಇರುತ್ತಿತ್ತು. ಕೂರಲು ಸ್ವಲ್ಪ ಹೆಚ್ಚು ಜಾಗ ಸಿಗುತ್ತಿತ್ತು, ಅಷ್ಟೆ. ರೋಗ ಬೇರೆ ಕಡೆಯಿದೆ. ಒಂದು ಗ್ರಂಥಕ್ಕೆ ಒಂದೇ ಸ್ಥಾನ, ಆ ಸ್ಥಾನವೇ ಅದರ ಸ್ವರೂಪ ಎಂಬ ನಂಬಿಕೆಯಲ್ಲಿದೆ.

ಕಲ್ಯಾಣಕಾರಕವನ್ನೇ ನೋಡಿ. ಅದನ್ನು ವೈದ್ಯದ ಕಪಾಟಿಗೆ ಸಾಗಿಸಿದರೆ ಸಮಸ್ಯೆ ತೀರಿತೇ? ಅದು ಮದ್ಯ, ಮಾಂಸ, ಮಧುಗಳನ್ನು ಔಷಧದಿಂದ ಹೊರಗಿಟ್ಟು ರಚಿತವಾದ ವೈದ್ಯಗ್ರಂಥ. ಕೊನೆಯಲ್ಲಿ ಮಾಂಸಭಕ್ಷಣವನ್ನು ನಿರಾಕರಿಸುವ ‘ಹಿತಾಹಿತ’ವೆಂಬ ಪ್ರಕರಣವಿದೆ, ನೃಪತುಂಗನ ಆಸ್ಥಾನದಲ್ಲಿ ವೈದ್ಯರೂ ವಿದ್ವಾಂಸರೂ ನೆರೆದಿದ್ದ ಸಭೆಯಲ್ಲಿ ಅದನ್ನು ಪ್ರತಿಪಾದಿಸಿದುದಾಗಿ ಗ್ರಂಥಕರ್ತರೇ ಹೇಳಿಕೊಂಡಿದ್ದಾರೆ. ಈ ಶಾಸ್ತ್ರವು ಹನ್ನೆರಡನೆಯ ಪೂರ್ವವಾದ ಪ್ರಾಣಾವಾಯದಿಂದ ಬಂದುದೆಂಬುದು ಅವರ ನಿಲುವು. ಅಹಿಂಸೆಯ ಆಚಾರಶಾಸ್ತ್ರವನ್ನು ಅಭ್ಯಾಸ ಮಾಡುವವನಿಗೆ, ಆಹಾರದ ಚರಿತ್ರೆಯನ್ನು ಬರೆಯುವವನಿಗೆ, ರಾಷ್ಟ್ರಕೂಟರ ಆಸ್ಥಾನವನ್ನು ಕುರಿತು ತಿಳಿಯಬಯಸುವವನಿಗೆ, ಲುಪ್ತವಾದ ಪೂರ್ವಗಳ ಪರಂಪರೆಯನ್ನು ಅರಸುವವನಿಗೆ, ಎಲ್ಲರಿಗೂ ಅದು ಬೇಕು. ವೈದ್ಯದ ಸಾಲಿನಲ್ಲಿ ಇಟ್ಟಕೂಡಲೇ ಈ ನಾಲ್ವರ ಪಾಲಿಗೆ ಅದು ಮರೆಯಾಗುತ್ತದೆ. ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ಕ್ಕೆ ಆಗಿರುವುದು ಇದೇ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಅದನ್ನು ಪ್ರಕಟಿಸಿದಂದಿನಿಂದ ಅದು ಗಣಿತದ ಸಾಲಿನಲ್ಲಿ ಗೌರವದಿಂದಿದೆ. ಗಣಿತಜ್ಞರಿಗೆ ಸಿಗುತ್ತದೆ, ಸಂತೋಷ. ಆದರೆ ಜೈನರು ಲೋಕಾಕಾರವನ್ನು ಅಳೆಯಲು ಗಣಿತವನ್ನು ಏಕೆ ಬೆಳೆಸಿದರೆಂದು ತಿಳಿಯಬಯಸುವವನು ‘ತಿಲೋಯಪಣ್ಣತ್ತಿ’ಯ ಪಕ್ಕದಲ್ಲಿ ಅದನ್ನು ಕಾಣಲಾರ.

ಇಲ್ಲಿ ನಮ್ಮವರೇ ಕೆಲವರು ಎದ್ದು ನಿಲ್ಲುತ್ತಾರೆ. ಪರಕೀಯ ಪದ್ಧತಿ ನಮಗೇಕೆ? ನಮ್ಮ ಪೂರ್ವಾಚಾರ್ಯರು ಶ್ರುತವನ್ನು ಪ್ರಥಮಾನುಯೋಗ, ಕರಣಾನುಯೋಗ, ಚರಣಾನುಯೋಗ, ದ್ರವ್ಯಾನುಯೋಗವೆಂದು ನಾಲ್ಕಾಗಿ ವಿಂಗಡಿಸಿಲ್ಲವೇ? ಸಮಂತಭದ್ರಸ್ವಾಮಿಗಳು ‘ರತ್ನಕರಂಡಕ’ದಲ್ಲಿ ನಾಲ್ಕಕ್ಕೂ ಲಕ್ಷಣ ಹೇಳಿಲ್ಲವೇ? ಜೈನ ಗ್ರಂಥಾಲಯಗಳೂ ಈಗ ಹೊಸದಾಗಿ ಏಳುತ್ತಿರುವ ಗಣಕೀಕೃತ ಭಂಡಾರಗಳೂ ಆ ನಾಲ್ಕನ್ನೇ ಅನುಸರಿಸಲಿ. ಇದು ಅವರ ವಾದ. ಸಭೆಗಳಲ್ಲಿ ಈ ಮಾತಿಗೆ ಚಪ್ಪಾಳೆ ಬೀಳುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಒಪ್ಪದಿರಲು ಕಾರಣ ನಮ್ಮ ಪರಂಪರೆಯಲ್ಲಿಯೇ ಇದೆ.

ಮೊದಲು ಪ್ರಯೋಗ ಮಾಡಿ ನೋಡೋಣ. ಮಹಾಪುರುಷರ ಚರಿತ್ರೆ, ಪುರಾಣಗಳು ಪ್ರಥಮಾನುಯೋಗ. ಲೋಕಾಲೋಕ ವಿಭಾಗ, ಯುಗಪರಿವರ್ತನೆ, ಚತುರ್ಗತಿಗಳು ಕರಣಾನುಯೋಗ. ಗೃಹಸ್ಥರ ಮತ್ತು ಮುನಿಗಳ ಆಚಾರ ಚರಣಾನುಯೋಗ. ಜೀವಾಜೀವಾದಿ ತತ್ತ್ವಗಳು ದ್ರವ್ಯಾನುಯೋಗ. ಈಗ ಕರ್ಣಾಟಕದ ಶಾಸ್ತ್ರಕಾರರು ಬರೆದುದನ್ನು ಇದರಲ್ಲಿ ಇಡಿ. ಕೇಶಿರಾಜನ ‘ಶಬ್ದಮಣಿದರ್ಪಣ’ ಯಾವ ಅನುಯೋಗ? ಮಂಗರಾಜನ ವಿಷವೈದ್ಯ ‘ಖಗೇಂದ್ರಮಣಿದರ್ಪಣ’? ಕೀರ್ತಿವರ್ಮನ ‘ಗೋವೈದ್ಯ’? ಶ್ರೀಧರಾಚಾರ್ಯನ ‘ಜಾತಕತಿಲಕ’? ರಾಜಾದಿತ್ಯನ ‘ವ್ಯವಹಾರಗಣಿತ’? ನೀರಿನ ಸೆಲೆ ಗುರುತಿಸುವುದರಿಂದ ಹಿಡಿದು ವಾಸ್ತು, ಸುಗಂಧ, ಪಾಕ, ವೈದ್ಯ, ಶಕುನದವರೆಗೆ ಎಲ್ಲವನ್ನೂ ಹೇಳುವ ಚಾವುಂಡರಾಯನ ‘ಲೋಕೋಪಕಾರ’? (ಇವನು ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಲ್ಲ; ಈ ಇಬ್ಬರನ್ನು ಒಂದು ಮಾಡಿರುವ ಸೂಚಿಗಳನ್ನು ನಾನು ಕಂಡಿದ್ದೇನೆ.) ನಾಲ್ಕರಲ್ಲಿಯೂ ಸೇರದ ಈ ಗ್ರಂಥಗಳಿಗೆಲ್ಲ ಐದನೆಯದೊಂದು ಕಪಾಟು ಮಾಡಬೇಕಾಗುತ್ತದೆ. ಅದರ ಮೇಲೆ ಏನೆಂದು ಬರೆಯುತ್ತೀರಿ? ‘ಇತರ’ ಎಂದೇ ಅಲ್ಲವೇ? ಡ್ಯೂಯಿ ನಮಗೆ ಮಾಡಿದುದನ್ನು ನಾವು ನಮ್ಮ ಕೇಶಿರಾಜನಿಗೆ ಮಾಡಿದಂತಾಗುತ್ತದೆ.

ಸ್ವತಃ ಪಂಪನನ್ನು ಕೇಳಿ. ತನ್ನೆರಡು ಕಾವ್ಯಗಳಲ್ಲಿ ಒಂದು ಲೌಕಿಕ, ಇನ್ನೊಂದು ಜಿನಾಗಮ ಎಂದು ಅವನೇ ಸ್ಪಷ್ಟವಾಗಿ ವಿಂಗಡಿಸಿ ಹೇಳಿದ್ದಾನೆ. ಗ್ರಂಥಕರ್ತನೇ ಕೊಟ್ಟ ವರ್ಗವದು. ‘ಆದಿಪುರಾಣ’ವನ್ನೂ ‘ವಿಕ್ರಮಾರ್ಜುನ ವಿಜಯ’ವನ್ನೂ ಜೈನಕವಿಯ ಕೃತಿಗಳೆಂದು ಒಂದೇ ಕಟ್ಟಿನಲ್ಲಿ ಕಟ್ಟುವವರೂ, ಎರಡನ್ನೂ ಹಳಗನ್ನಡ ಚಂಪುವೆಂದು ಒಂದೇ ಸಾಲಿನಲ್ಲಿ ನಿಲ್ಲಿಸುವವರೂ ಕವಿಯ ಮಾತನ್ನು ಕೇಳಿದವರಲ್ಲ. ‘ವಡ್ಡಾರಾಧನೆ’ಯದು ಇನ್ನೂ ತೊಡಕಿನ ಸಂಗತಿ. ಹತ್ತೊಂಬತ್ತು ಕಥೆಗಳೆಂದು ನೋಡಿದರೆ ಅದು ಪ್ರಥಮಾನುಯೋಗ, ಕನ್ನಡ ಗದ್ಯವೆಂದು ನೋಡಿದರೆ 894.814. ಆದರೆ ಪ್ರತಿಯೊಂದು ಕಥೆಯೂ ಉಪಸರ್ಗ, ಪರೀಷಹಗಳನ್ನು ಸಹಿಸಿ ಸಮಾಧಿಯಿಂದ ದೇಹ ಬಿಟ್ಟವರದು; ಕಥೆಗಳ ಬೇರು ‘ಭಗವತೀ ಆರಾಧನಾ’ದ ಗಾಹೆಗಳಲ್ಲಿದೆ, ಅದಾದರೋ ಚರಣಾನುಯೋಗದ ಗ್ರಂಥ. ಆ ಗಾಹೆಗಳ ಜಾಡು ಹಿಡಿಯದೆ ಕಥಾಸಂಗ್ರಹವೆಂದು ಮಾತ್ರ ಓದಿದವನಿಗೆ ಕಥೆಗಳು ಏಕೆ ಹೀಗೆ ಒಂದೇ ಬಗೆಯ ಮುಕ್ತಾಯಕ್ಕೆ ಬರುತ್ತವೆಂಬುದೇ ಅರ್ಥವಾಗುವುದಿಲ್ಲ.

ಇನ್ನು ಪರಂಪರೆಯ ಸಾಕ್ಷ್ಯ. ಅನುಯೋಗಗಳು ಹೇಗೆ ಬೇರೆಯಾದುವೆಂಬುದನ್ನು ಕುರಿತು ಶ್ವೇತಾಂಬರ ಆವಶ್ಯಕ ಸಾಹಿತ್ಯದಲ್ಲಿ ಒಂದು ವೃತ್ತಾಂತವಿದೆ. ನಮ್ಮ ದಿಗಂಬರ ವಿದ್ವಾಂಸರು ಅದನ್ನು ಅಷ್ಟಾಗಿ ಗಮನಿಸಿಲ್ಲ. ಅದರ ಪ್ರಕಾರ ಆದಿಯಲ್ಲಿ ಪ್ರತಿಯೊಂದು ಸೂತ್ರವನ್ನೂ ನಾಲ್ಕು ಅನುಯೋಗಗಳಿಂದಲೂ ವ್ಯಾಖ್ಯಾನಿಸುತ್ತಿದ್ದರು. ಒಂದೇ ಸೂತ್ರದಲ್ಲಿ ಆಚಾರವೂ ಇತ್ತು, ಕಥೆಯೂ ಇತ್ತು, ಗಣಿತವೂ ಇತ್ತು, ದ್ರವ್ಯವಿಚಾರವೂ ಇತ್ತು. ಇದಕ್ಕೆ ಅಪೃಥಕ್ತ್ವಾನುಯೋಗವೆಂದು ಹೆಸರು. ಆರ್ಯರಕ್ಷಿತಸೂರಿಗಳ ಕಾಲದಲ್ಲಿ ವಿಂಧ್ಯನೆಂಬ ಶಿಷ್ಯನಿಗೆ ಪಾಠ ಹೇಳುವ ಹೊಣೆ ದುರ್ಬಲಿಕಾ ಪುಷ್ಯಮಿತ್ರನ ಮೇಲೆ ಬಿತ್ತು. ಕೆಲವು ದಿನಗಳಲ್ಲಿ ಪುಷ್ಯಮಿತ್ರ ಗುರುಗಳ ಬಳಿಗೆ ಬಂದು, ಪಾಠ ಹೇಳುವುದರಲ್ಲಿಯೇ ಹೊತ್ತು ಕಳೆದು ಆವೃತ್ತಿಗೆ ಅವಕಾಶವಿಲ್ಲದೆ ತಾನು ಕಲಿತ ಪೂರ್ವವೇ ಮರೆತುಹೋಗುತ್ತಿದೆಯೆಂದು ಬಿನ್ನವಿಸಿದ. ಇಂತಹ ಮೇಧಾವಿಗೇ ಹೀಗಾದರೆ ಮುಂದೆ ಬರುವವರ ಗತಿಯೇನೆಂದು ಆಚಾರ್ಯರು ಚಿಂತಿಸಿ, ಇನ್ನು ಮುಂದೆ ಒಂದೊಂದು ಗ್ರಂಥಕ್ಕೆ ಒಂದೊಂದೇ ಅನುಯೋಗವೆಂದು ಬೇರ್ಪಡಿಸಿದರು. ಅಂದಿನಿಂದ ಪೃಥಕ್ತ್ವಾನುಯೋಗ.

ಈ ಕಥೆಯನ್ನು ಚರಿತ್ರೆಯೆಂದು ಅಕ್ಷರಶಃ ನಂಬಬೇಕೆಂದು ನಾನು ಹೇಳುತ್ತಿಲ್ಲ. ವರ್ಗೀಕರಣವನ್ನು ಕುರಿತು ಅದನ್ನು ಹೇಳಿದವರ ತಿಳಿವು ಎಂತಹುದಾಗಿತ್ತು ಎಂಬುದನ್ನು ನೋಡಿ. ಜ್ಞಾನವು ಸ್ವಭಾವತಃ ನಾಲ್ಕಾಗಿದೆ, ಆದ್ದರಿಂದ ವಿಭಾಗಿಸಿದೆವು ಎಂದು ಅವರು ಹೇಳಲಿಲ್ಲ. ನಮ್ಮ ನೆನಪು ಸೋತಿತು, ಆದ್ದರಿಂದ ವಿಭಾಗಿಸಿದೆವು ಎಂದರು. ವಿಭಾಗವು ದೌರ್ಬಲ್ಯಕ್ಕೆ ಕೊಟ್ಟ ರಿಯಾಯಿತಿ. ಡ್ಯೂಯಿಯ ಪದ್ಧತಿಯೂ ಅಂತಹುದೇ ಒಂದು ರಿಯಾಯಿತಿ: ಕಾಗದದ ಪುಸ್ತಕ ಏಕಕಾಲಕ್ಕೆ ಎರಡು ಕಡೆ ಇರಲಾರದು, ಓಡಾಡಿ ತರುವವನಿಗೆ ಒಂದು ಅಂಕಿ ಬೇಕು. ಅದನ್ನು ಒಪ್ಪೋಣ. ಆ ರಿಯಾಯಿತಿಯೇ ಜ್ಞಾನದ ಭೂಪಟವೆಂದು ಪಾಠಶಾಲೆಗಳಲ್ಲಿ ಬೋಧಿಸುತ್ತ ಬಂದುದೇ ಅನರ್ಥ. ಈಗ ಅನುಯೋಗಗಳ ಹೆಸರಿನಲ್ಲಿ ನಾವೂ ಅದೇ ತಪ್ಪನ್ನು ಮಾಡಹೊರಟಿದ್ದೇವೆ. ನಮ್ಮ ಹಿರಿಯರಿಗೆ ಗೊತ್ತಿದ್ದುದನ್ನು ಮರೆತು ಮಾಡುತ್ತಿದ್ದೇವೆ ಎಂಬುದೊಂದೇ ವ್ಯತ್ಯಾಸ.

ನಮ್ಮಲ್ಲಿಯೂ ‘ಇತರ’ವೆಂಬ ಪೆಟ್ಟಿಗೆ ಇತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ‘ನಂದೀಸೂತ್ರ’ವು ಶ್ರುತವನ್ನು ಸಮ್ಯಕ್-ಶ್ರುತ, ಮಿಥ್ಯಾ-ಶ್ರುತವೆಂದು ಭಾಗಿಸಿ, ಎರಡನೆಯದರಲ್ಲಿ ಭಾರತ, ರಾಮಾಯಣ, ಕೌಟಿಲ್ಯ ಮೊದಲಾದುವನ್ನು ಹೆಸರಿಸಿ ಇಡುತ್ತದೆ. 290ಕ್ಕಿಂತ ಕಠಿನವಾದ ಮಾತು! ಆದರೆ ಅಲ್ಲಿಯೇ ಮುಂದೆ ಒಂದು ವಿಶೇಷವಿದೆ. ಈ ಗ್ರಂಥಗಳೇ ಸಮ್ಯಗ್ದೃಷ್ಟಿಯುಳ್ಳವನು ಗ್ರಹಿಸಿದಾಗ ಸಮ್ಯಕ್-ಶ್ರುತವಾಗುತ್ತವೆ ಎಂದು ಸೂತ್ರ ಹೇಳುತ್ತದೆ. ಗ್ರಂಥದ ವರ್ಗವನ್ನು ಗ್ರಂಥವೊಂದೇ ನಿರ್ಣಯಿಸುವುದಿಲ್ಲ, ಓದುವವನೂ ನಿರ್ಣಯಿಸುತ್ತಾನೆ. ಡ್ಯೂಯಿಯ ‘ಇತರ’ಕ್ಕೆ ಇಂತಹ ಬಾಗಿಲು ಇರಲಿಲ್ಲ.

ಭಾಷೆಯ ವಿಚಾರಕ್ಕೆ ಬಂದರೆ ನಷ್ಟ ಇನ್ನೂ ದೊಡ್ಡದು, ಅದು ನೇರವಾಗಿ ಕನ್ನಡಕ್ಕೆ ಆದ ನಷ್ಟ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ಗೊಮ್ಮಟಸಾರ’ ಪ್ರಾಕೃತ ಗಾಹೆಗಳ ಗ್ರಂಥ. ಅದಕ್ಕೆ ಕೇಶವವರ್ಣಿಯು 1359ರಲ್ಲಿ ‘ಜೀವತತ್ತ್ವಪ್ರದೀಪಿಕೆ’ಯೆಂಬ ವಿಸ್ತಾರವಾದ ವೃತ್ತಿಯನ್ನು ಕನ್ನಡದಲ್ಲಿ ಬರೆದ. ಅದನ್ನನುಸರಿಸಿಯೇ ಮುಂದೆ ಮತ್ತೊಬ್ಬ ನೇಮಿಚಂದ್ರರು ಸಂಸ್ಕೃತ ಟೀಕೆಯನ್ನು ರಚಿಸಿದರು. ಎಂದರೆ ಕರ್ಮಸಿದ್ಧಾಂತದಂತಹ ಸೂಕ್ಷ್ಮಶಾಸ್ತ್ರದಲ್ಲಿ ಕನ್ನಡ ಮೊದಲು, ಸಂಸ್ಕೃತ ಅನಂತರ. ಭಾಷಾಭಿಮಾನಿಗಳು ಎದೆತಟ್ಟಿ ಹೇಳಿಕೊಳ್ಳಬೇಕಾದ ಸಂಗತಿಯಿದು. ಎಷ್ಟು ಜನಕ್ಕೆ ಗೊತ್ತಿದೆ? ಟೀಕೆಯನ್ನು ಮೂಲದ ಜೊತೆಗೆ ಇಡಬೇಕೆಂಬುದು ವರ್ಗೀಕರಣದ ಸರ್ವಸಾಮಾನ್ಯ ನಿಯಮ. ಮೂಲವೋ ಪ್ರಾಕೃತ, ಧರ್ಮವಿಭಾಗ. ಅಲ್ಲಿಗೆ ಹದಿನಾಲ್ಕನೆಯ ಶತಮಾನದ ಕನ್ನಡ ಶಾಸ್ತ್ರಗದ್ಯದ ಒಂದು ಮಹಾರಾಶಿ ಕನ್ನಡದ ಸಾಲಿನಿಂದಲೇ ಕಣ್ಮರೆಯಾಯಿತು. ಕುಂದಕುಂದರ ಗ್ರಂಥಗಳಿಗೆ ಬಾಲಚಂದ್ರರು ಬರೆದ ಕನ್ನಡ ಟೀಕೆಗಳ ಗತಿಯೂ ಇದೇ. ಕನ್ನಡದಲ್ಲಿ ಶಾಸ್ತ್ರಗದ್ಯ ಬೆಳೆಯಲಿಲ್ಲವೆಂದು ಮರುಗುವವರು, ಆ ಗದ್ಯವನ್ನು ಯಾವ ಕಪಾಟಿನಲ್ಲಿ ಅಡಗಿಸಿಟ್ಟಿದ್ದೇವೆಂದು ಒಮ್ಮೆ ವಿಚಾರಿಸುವುದು ಒಳಿತು.

ಲಿಪಿಯ ಗೊಂದಲ ಬೇರೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯ ಧವಲಾದಿ ಗ್ರಂಥಗಳ ಓಲೆಗಳು ಹಳಗನ್ನಡ ಲಿಪಿಯಲ್ಲಿವೆ. ಭಾಷೆ ಪ್ರಾಕೃತ, ಸಂಸ್ಕೃತ. ಆ ಪ್ರದೇಶದ ಭಂಡಾರಗಳ ಓಲೆಗಳನ್ನು ಪಟ್ಟಿಮಾಡಿ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚೀ’ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ನಾಗರಿ ಲಿಪಿಯಲ್ಲಿ ಹೊರಬಂದಿತು. ಶಾಸ್ತ್ರಿಗಳ ಉಪಕಾರವನ್ನು ಎಷ್ಟು ಸ್ಮರಿಸಿದರೂ ಸಾಲದು. ನಾನಂತೂ ಆ ಸೂಚಿಯಿಲ್ಲದೆ ಹೆಜ್ಜೆಯಿಟ್ಟವನಲ್ಲ. ಆದರೆ ಅನಂತರ ಬಂದ ಪಟ್ಟಿಗಳನ್ನು ನೋಡಿ: ಲಿಪಿಯನ್ನು ನೋಡಿ ‘ಕನ್ನಡ’ವೆಂದು ಬರೆದವರುಂಟು, ಭಾಷೆಯನ್ನು ನೋಡಿ ‘ಪ್ರಾಕೃತ’ವೆಂದು ಬರೆದವರುಂಟು, ಲಿಪಿ ಯಾವುದು ಭಾಷೆ ಯಾವುದು ಎಂದು ಎರಡನ್ನೂ ಬೇರೆ ಬೇರೆಯಾಗಿ ನಮೂದಿಸಿದವರು ವಿರಳ.

ಹಾಗಾದರೆ ದಾರಿಯೇನು? ದಾರಿಯನ್ನು ತೋರಿಸಿದವರು ನಮ್ಮ ಬೆಂಗಳೂರಿನಲ್ಲಿಯೇ ನೆಲಸಿ, 1962ರಲ್ಲಿ ಇಲ್ಲಿಯೇ ದಾಖಲೀಕರಣ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ, 1972ರಲ್ಲಿ ಇಲ್ಲಿಯೇ ತೀರಿಕೊಂಡ ಎಸ್. ಆರ್. ರಂಗನಾಥನ್. ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣದಲ್ಲಿ ಧರ್ಮಗಳ ಸಾಲಿನಲ್ಲಿ ವೈದಿಕದಿಂದ ಆರಂಭಿಸಿ ಜೈನ, ಬೌದ್ಧಗಳನ್ನು ಸಮಾನ ಅಂಕಿಗಳಲ್ಲಿ ಕೂರಿಸಿದ್ದಾರೆಂಬುದು ಸಣ್ಣ ವಿಷಯ. ವಸ್ತುವನ್ನು ಒಂದು ಗೂಡಿಗೆ ತಳ್ಳುವ ಬದಲು ಅದರ ಮುಖಗಳನ್ನು ಬಿಡಿಸಿ ಹೇಳಬೇಕೆಂಬುದು ಅವರ ದೊಡ್ಡ ಮಾತು. ಯಾವುದರ ಬಗ್ಗೆ, ಯಾವ ದ್ರವ್ಯ, ಯಾವ ಕ್ರಿಯೆ, ಎಲ್ಲಿ, ಎಂದು ಎಂಬ ಐದು ಮೂಲಮುಖಗಳನ್ನು ಅವರು ಗುರುತಿಸಿದರು. ಇದನ್ನು ಓದಿದ ಯಾವ ಜೈನನಿಗೂ ದ್ರವ್ಯ, ಕ್ಷೇತ್ರ, ಕಾಲ, ಭಾವಗಳೆಂಬ ಚತುಷ್ಟಯ ನೆನಪಾಗದಿರದು. ರಂಗನಾಥನ್ ನಮ್ಮಿಂದ ಪಡೆದರೆಂದು ನಾನು ಹೇಳುವುದಿಲ್ಲ. ಅಂತಹ ಮಾತುಗಳನ್ನು ಆಧಾರವಿಲ್ಲದೆ ಆಡಿ ಆಡಿಯೇ ನಾವು ವಿದ್ವತ್‌ಸಭೆಗಳಲ್ಲಿ ಹಗುರಾಗಿದ್ದೇವೆ. ಒಂದು ವಸ್ತುವನ್ನು ಹಲವು ಮುಖಗಳಿಂದ ವಿವರಿಸಬೇಕೆಂಬ ಅಭ್ಯಾಸ ಎರಡು ಕಡೆಯೂ ಇದೆ, ಅಷ್ಟು ಸಾಕು. ಆದರೂ ರಂಗನಾಥನ್ ಬದುಕಿದ ಊರಿನಲ್ಲಿ ಕೂಡ ಬಹುಪಾಲು ಗ್ರಂಥಾಲಯಗಳು ಡ್ಯೂಯಿಯನ್ನೇ ಹಿಡಿದಿವೆ. ಕೋಲನ್ ಅಂಕನ ಉದ್ದ, ಬೆನ್ನುಪಟ್ಟಿಯ ಮೇಲೆ ಬರೆಯಲು ಕಷ್ಟ ಎಂಬುದು ಅವರು ಕೊಡುವ ಕಾರಣ. ಪುಸ್ತಕದ ಬೆನ್ನಿನ ಅಗಲ ಜ್ಞಾನದ ಅಗಲವನ್ನು ನಿರ್ಣಯಿಸಬೇಕೆ?

ಇನ್ನೊಂದು ಪಕ್ಷದವರು ಇದೆಲ್ಲ ಹಳೆಯ ಜಗಳವೆನ್ನುತ್ತಾರೆ. ಈಗ ಎಲ್ಲವೂ ಗಣಕದಲ್ಲಿದೆ, ಪದವೊಂದನ್ನು ಒತ್ತಿದರೆ ಬೇಕಾದುದು ಬರುತ್ತದೆ, ವರ್ಗೀಕರಣದ ಹಂಗೇ ಬೇಡ ಎಂಬುದು ಅವರ ನಿಲುವು. ಒತ್ತಿ ನೋಡಿ. ‘ನೇಮಿಚಂದ್ರ’ ಎಂದು ಹುಡುಕಿದರೆ ಗೊಮ್ಮಟಸಾರದ ಆಚಾರ್ಯರೂ, ಅದರ ಟೀಕಾಕಾರರೂ, ‘ಲೀಲಾವತಿ’ಯೆಂಬ ಶೃಂಗಾರಕಾವ್ಯವನ್ನು ಬರೆದ ಕವಿಯೂ ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತಾರೆ. ಮುನಿಗಳ ಪಕ್ಕದಲ್ಲಿ ಶೃಂಗಾರಕವಿ! ‘ಉಮಾಸ್ವಾತಿ’ ಎಂದು ಹುಡುಕಿದವನಿಗೆ ‘ಉಮಾಸ್ವಾಮಿ’ಯೂ ‘ಗೃಧ್ರಪಿಂಛ’ರೂ ಸಿಗುವುದಿಲ್ಲ. ‘ಸಮಯಪಾಹುಡ’ವೆಂದವನಿಗೆ ‘ಸಮಯಸಾರ’ವಿಲ್ಲ, ‘ಛಕ್ಖಂಡಾಗಮ’ವೆಂದವನಿಗೆ ‘ಷಟ್ಖಂಡಾಗಮ’ವಿಲ್ಲ, ‘ಅಭಿನವಪಂಪ’ನೆಂದವನಿಗೆ ನಾಗಚಂದ್ರನಿಲ್ಲ. ಒಂದು ಹೆಸರಿನಲ್ಲಿ ಹಲವರು, ಒಬ್ಬರಿಗೆ ಹಲವು ಹೆಸರು.

‘ಅನುಯೋಗದ್ವಾರಸೂತ್ರ’ವು ಯಾವ ಪದವನ್ನಾದರೂ ವಿವರಿಸುವ ಮೊದಲು ನಿಕ್ಷೇಪ ಮಾಡಿಕೊಳ್ಳುತ್ತದೆ. ಇಲ್ಲಿ ಪದ ಬರಿಯ ಹೆಸರೇ, ಪ್ರತಿಮೆಯೇ, ಹಿಂದಿನ ಅಥವಾ ಮುಂದಿನ ಸ್ಥಿತಿಯನ್ನು ಹೇಳುವ ದ್ರವ್ಯವೇ, ಈಗ ಇರುವ ಭಾವವೇ ಎಂದು ಕೇಳುತ್ತದೆ. ಶೋಧಯಂತ್ರಕ್ಕೆ ತಿಳಿದಿರುವುದು ನಾಮನಿಕ್ಷೇಪವೊಂದೇ. ಇನ್ನು ಹಳೆಯ ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಏರಿಸುತ್ತಾರಲ್ಲ, ಅದು ಸ್ಥಾಪನಾನಿಕ್ಷೇಪವೆನ್ನಬಹುದು: ಗ್ರಂಥದ ಚಿತ್ರ ಅಲ್ಲಿದೆ, ಆದರೆ ಚಿತ್ರವಾಗಿ ಮಾತ್ರ ಏರಿಸಿದ ಅಕ್ಷರ ಹುಡುಕಾಟಕ್ಕೆ ಸಿಗುವುದಿಲ್ಲ. ಅಂತಹ ಒಂದು ಜೈನ ಗಣಕಭಂಡಾರದಲ್ಲಿ ನೂರಾರು ಕಡತಗಳಿಗೆ ಇದ್ದ ವಿವರಣೆ ‘ಜೈನ ಗ್ರಂಥ’ ಎಂಬ ಎರಡೇ ಪದ. ಪರಕೀಯರು ನಮಗೆ ಒಂದು ದಶಮಾಂಶವನ್ನು ಕೊಟ್ಟಿದ್ದರು. ನಾವು ಅದನ್ನೂ ಅಳಿಸಿದೆವು.

ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಇಂದು ಪ್ರತಿ ಮಾಡುವುದಕ್ಕೆ ಖರ್ಚಿಲ್ಲ, ಆದ್ದರಿಂದ ದಾನಿಗಳೆಲ್ಲ ಪ್ರತಿ ಮಾಡಿಸುವುದಕ್ಕೇ ಹಣ ಕೊಡುತ್ತಾರೆ. ಒಂದು ಗ್ರಂಥವನ್ನು ಓದಿ ಅದರ ವಿವರವನ್ನು ಬರೆಯುವ ವಿದ್ವಾಂಸನಿಗೆ ಸಂಬಳ ಕೊಡುವವರು ಮಾತ್ರ ಕಾಣೆ. ಗಂಟೆಗೆ ಇಷ್ಟು ಪುಟ ಸ್ಕ್ಯಾನ್ ಆಯಿತೆಂಬ ಲೆಕ್ಕ ವರದಿಯಲ್ಲಿ ಚೆನ್ನಾಗಿ ಕಾಣುತ್ತದೆ. ಒಂದು ಕಟ್ಟು ಓಲೆಯನ್ನು ಗುರುತಿಸಲು ಎರಡು ವಾರ ಹಿಡಿಯಿತೆಂಬುದು ಕಾಣುವುದಿಲ್ಲ.

ನಾನು ಕೇಳುತ್ತಿರುವುದು ಹೊಸದೇನಲ್ಲ. ವೀರಸೇನಾಚಾರ್ಯರು ಧವಲೆಯ ಆರಂಭದಲ್ಲಿ, ಶಾಸ್ತ್ರವನ್ನು ವ್ಯಾಖ್ಯಾನಿಸುವ ಮೊದಲು ಆಚಾರ್ಯನು ಆರು ವಿಷಯಗಳನ್ನು ಹೇಳಬೇಕೆಂಬ ಹಿಂದಿನವರ ಮರ್ಯಾದೆಯನ್ನು ನೆನೆದು ಹಾಗೆಯೇ ನಡೆಯುತ್ತಾರೆ: ಮಂಗಲ, ನಿಮಿತ್ತ, ಹೇತು, ಪರಿಮಾಣ, ನಾಮ, ಕರ್ತೃ. ಗ್ರಂಥ ಯಾವ ಸಂದರ್ಭದಲ್ಲಿ ಹುಟ್ಟಿತು, ಯಾವ ಪ್ರಯೋಜನಕ್ಕಾಗಿ, ಎಷ್ಟು ದೊಡ್ಡದು, ಅದರ ಹೆಸರೇನು, ಮಾಡಿದವರು ಯಾರು. ಮಂಗಲವನ್ನು ಬಿಟ್ಟರೆ ಉಳಿದ ಐದೂ ಒಂದು ಒಳ್ಳೆಯ ಸೂಚಿಯ ಅಂಕಣಗಳೇ. ಇದಕ್ಕೆ ಭಾಷೆ, ಲಿಪಿ, ಟೀಕೆಯ ಭಾಷೆ, ಓಲೆಯಿರುವ ಭಂಡಾರ, ಪರ್ಯಾಯನಾಮಗಳು ಇಷ್ಟನ್ನು ಸೇರಿಸಿ. ನಾಲ್ಕು ಅನುಯೋಗಗಳಲ್ಲಿ ಯಾವ ಯಾವುದಕ್ಕೆ ಸಲ್ಲುತ್ತದೋ ಅವೆಲ್ಲವನ್ನೂ ನಮೂದಿಸಿ, ಒಂದನ್ನೇ ಅಲ್ಲ. ಡ್ಯೂಯಿಯ ಅಂಕಿಯೂ ಇರಲಿ, ಒಂದಲ್ಲದಿದ್ದರೆ ಮೂರು. ಗಣಕದೊಳಗೆ ಪುಸ್ತಕಕ್ಕೆ ಬೆನ್ನಿಲ್ಲ. ದುರ್ಬಲಿಕಾ ಪುಷ್ಯಮಿತ್ರ ಹೇಳಿಕೊಂಡ ಕಷ್ಟವೂ ಅಲ್ಲಿ ಇಲ್ಲ. ಯಾವ ಕಾರಣಕ್ಕಾಗಿ ಆರ್ಯರಕ್ಷಿತರು ಅನುಯೋಗಗಳನ್ನು ಬೇರ್ಪಡಿಸಿದರೋ ಆ ಕಾರಣವೇ ಹೋಗಿರುವಾಗ ಬೇರ್ಪಡೆಯನ್ನು ಹಿಡಿದು ಕೂರುವುದೇಕೆ?

ಮೊದಲ ಹೆಜ್ಜೆಯಾಗಿ ಇನ್ನು ಮುಂದೆ ಸ್ಕ್ಯಾನ್ ಮಾಡುವವರು ಗ್ರಂಥದ ಕೊನೆಯ ಪ್ರಶಸ್ತಿಯನ್ನೂ ಲಿಪಿಕಾರನ ಬರಹವನ್ನೂ ಬಿಡದೆ ಅಕ್ಷರರೂಪದಲ್ಲಿ ಟೈಪಿಸಿ ವಿವರಣೆಯೊಡನೆ ಸೇರಿಸಲಿ. ಕರ್ತೃ, ಗುರುಪರಂಪರೆ, ಊರು, ಬರೆಯಿಸಿದವರ ಹೆಸರು, ತಿಥಿ ಎಲ್ಲವೂ ಬಹುಮಟ್ಟಿಗೆ ಅಲ್ಲಿಯೇ ಇರುತ್ತವೆ. ಎಷ್ಟೋ ಕಡೆ ಗ್ರಂಥ ಮುಗಿಯಿತೆಂದು ಆ ಕೊನೆಯ ಗರಿಯ ಚಿತ್ರವನ್ನೇ ತೆಗೆದಿಲ್ಲ.

ಆ ತರುಣನು ತನ್ನ ವಾಕ್ಯವನ್ನು ಹೊಡೆದುಹಾಕಿ ಕಲ್ಯಾಣಕಾರಕವನ್ನು ಕುರಿತು ಹೊಸದೊಂದು ಪರಿಚ್ಛೇದವನ್ನು ಬರೆದಿದ್ದಾನೆ. ಗ್ರಂಥಪಾಲಕರೊಡನೆಯೂ ಮಾತನಾಡಿದೆವು. ಅವರು ಸಜ್ಜನರು, ತಾಳ್ಮೆಯಿಂದ ಕೇಳಿದರು. “ಸರಿ ಸ್ವಾಮಿ, ವೈದ್ಯಕ್ಕೆ ಹಾಕುತ್ತೇನೆ. ಆದರೆ ನಾಳೆ ಇನ್ನೊಬ್ಬರು ಬಂದು ಧರ್ಮಗ್ರಂಥವನ್ನು ಇಲ್ಲೇಕೆ ಇಟ್ಟಿರಿ ಎಂದರೆ?” ಎಂದರು. ಪುಸ್ತಕ ಎಲ್ಲಿಯಾದರೂ ಇರಲಿ, ಸೂಚಿಯಲ್ಲಿ ಮಾತ್ರ ಎರಡು ಕಡೆಯೂ ನಮೂದಿಸಿ ಎಂದೆ. ತಮ್ಮ ಗಣಕದ ಆ ಅಂಕಣದಲ್ಲಿ ಒಂದೇ ಅಂಕಿಯನ್ನು ತುಂಬಲು ಅವಕಾಶವಿದೆಯೆಂದು ಅವರು ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು.